ಆ ಪುಸ್ತಿಕೆಯಲ್ಲಿ ಇಲ್ಲದ ಸಾಲು

ವಿಶಾಲು, ಆ ಪುಸ್ತಿಕೆಯಲ್ಲಿ ಹಾಗೆ ಬರೆದಿರಲಿಲ್ಲ. ನಿನ್ನ ಸೈಕಲ್ಲು ಮನೆಯೊಳಗೆ ತುಳಿಯುವ ಟ್ರೇನರ್ ಸ್ಟ್ಯಾಂಡಿನ ಮೇಲೆ ಕೂರುವುದಿಲ್ಲ ಎಂದು ನಾನು ಓದಿ ಹೇಳಿದೆನಲ್ಲ — ಅಂಥ ಸಾಲು ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಅದಕ್ಕೆ ತದ್ವಿರುದ್ಧವಾದದ್ದು. ನಾನು ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ನಿನ್ನ ಮುಖ ನೋಡದೆ ಸುಳ್ಳು ಓದಿದೆ.

ಮೂರು ವರ್ಷವಾಯಿತು. ನೀನು ಇವತ್ತು ತೋವಿನಕೆರೆಗೆ ನಾಮಕರಣಕ್ಕೆ ಹೋಗಿದ್ದೀಯ. ಮಗುವಿನ ಅಜ್ಜಿಗೆ ಹೆರಿಗೆ ಮಾಡಿಸಿದವಳು ನೀನೇ ಅಂತ ಅವರು ಬಿಡದೆ ಕರೆದುಕೊಂಡು ಹೋದರು. ಸಂಜೆಯ ಬಸ್ಸಿಗೆ ಬರುತ್ತೀಯ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು, ಇಲ್ಲದಿದ್ದರೆ ನಿನ್ನನ್ನು ನೋಡಿದ ಕೂಡಲೇ — ಮತ್ತೆ ಕಾಫಿ, ಮತ್ತೆ ನಗು, ಹೇಳುವುದು ಮತ್ತೆ ಮುಂದಕ್ಕೆ.

ಬೋರ್ಡಿಂಗ್ ಸ್ಕೂಲಿನಲ್ಲಿದ್ದಾಗ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ತಪ್ಪೊಪ್ಪಿಕೊಳ್ಳುವ ಕನ್ಫೆಷನ್‌ಗೆ ಹೋಗುತ್ತಿದ್ದರು. ನಾವು ಮಿಕ್ಕವರು ಚಾಪೆಲಿನ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಹೋಗುವಾಗ ಬಿಗಿದ ಮುಖ, ಬರುವಾಗ ಹಗುರ ನಡಿಗೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಅವರು ಹೇಳಿಕೊಳ್ಳುತ್ತಿದ್ದದ್ದು ಫಾದರ್ ಹತ್ತಿರ, ತಪ್ಪು ಯಾರಿಗೆ ಮಾಡಿದ್ದರೋ ಅವರ ಹತ್ತಿರ ಅಲ್ಲ. ಇದು ಅದಕ್ಕಿಂತ ಡಿಫಿಕಲ್ಟ್, ವಿಶಾಲು.

ಮಧುಗಿರಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇಂಗ್ಲಿಷ್ ಕಾಗದ ಯಾವುದೇ ಬರಲಿ, ಅದು ನನ್ನ ಕೈ ದಾಟದೆ ಮುಂದೆ ಹೋಗುತ್ತಿರಲಿಲ್ಲ. ಕುಕ್ಕರಿನ ಜೊತೆ ಬಂದ ಚೀಟಿ, ಫ್ರಿಜ್ಜಿನ ಗ್ಯಾರಂಟಿ ಕಾರ್ಡು, ಮಾವನವರ ಕಣ್ಣಿನ ಔಷಧಿಯೊಳಗಿನ ಮಡಿಸಿದ ಕಾಗದ — ಎಲ್ಲರೂ ನಡುಮನೆಯಲ್ಲಿ ಕೂರುತ್ತಿದ್ದರು, ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. "ಸೊಸೆ ಓದ್ಲಿ ತಡೀರಪ್ಪ, ಆಮೇಲೆ ಸ್ವಿಚ್ ಹಾಕಿ" ಎಂದು ಮಾವನವರು ಎಲ್ಲರ ಕೈ ತಡೆಯುತ್ತಿದ್ದರು. ನೀನು ನರ್ಸು, ಮಾತ್ರೆಯ ಹೆಸರುಗಳನ್ನು ನನಗಿಂತ ಚೆನ್ನಾಗಿ ಓದುತ್ತಿದ್ದೆ. ಆದರೂ ಪ್ಯಾರಾಗ್ರಾಫ್ ಬಂದರೆ ನನ್ನ ಮಡಿಲಿಗೆ ಎಸೆಯುತ್ತಿದ್ದೆ. ನಿನ್ನ ಅಣ್ಣ ತೀರಿಹೋದ ಮೇಲೂ ಆ ಪದ್ಧತಿ ಹಾಗೇ ಉಳಿಯಿತು. ನನ್ನ ಓದನ್ನು ಯಾರೂ ಒಮ್ಮೆಯೂ ತಿರುಗಿ ನೋಡಿದ್ದಿಲ್ಲ. ನಾನೂ ಅಷ್ಟು ವರ್ಷ ಒಂದಕ್ಷರ ಹೆಚ್ಚುಕಡಿಮೆ ಹೇಳಿದ್ದಿಲ್ಲ — ಆ ಒಂದು ದಿನದವರೆಗೆ.

ಮಂಡಿ ಆಪರೇಷನ್ ಆಗಿ ನೀನು ಶಿರಾದ ನಿನ್ನ ಬಾಡಿಗೆ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದೆ. ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ನನಗೆ ಏನಾಗಿತ್ತು ಎಂದು ನಿನಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಇನ್ನೊಬ್ಬರ ಕೆಮ್ಮು. ಊಟಕ್ಕೆ ಎರಡು ತಟ್ಟೆ. ನನ್ನ ಸಾರಿಗೆ ಉಪ್ಪಿಲ್ಲ ಎಂದು ಬೈಯಲು ಒಬ್ಬಳು. ಡಾಕ್ಟರು ನಿನಗೆ ರಸ್ತೆಯ ಮೇಲೆ ಸೈಕಲ್ ಬೇಡ, ಮನೆಯೊಳಗೆ ತುಳಿಯಿರಿ, ಮಂಡಿಗೆ ಒಳ್ಳೆಯದು ಎಂದರು. ನೀನು ಕೂಡಲೇ, "ನನ್ನ ಗಾಡೀನೇ ಒಳಗೆ ನಿಲ್ಲಿಸ್ಕೊಂಡು ತುಳೀಬೋದಾ ನೋಡಿ ಅತ್ತಿಗೆ. ಇಂಟರ್ನೆಟ್ಟಲ್ಲಿ ಎಲ್ಲಾ ಇಂಗ್ಲೀಷಲ್ಲಿರ್ತದೆ, ನೀವೇ ಆರಿಸಿ" ಎಂದೆ.

ಎಷ್ಟು ಖುಷಿಯಿಂದ ಆರಿಸಲು ಕೂತೆ! ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದುಕೊಂಡೆ. ಮೂರು ಉರುಳೆಗಳ ಮೇಲೆ ಸೈಕಲ್ಲನ್ನು ಸುಮ್ಮನೆ ಇಟ್ಟು ತುಳಿಯುವುದು ಒಂದು ಬಗೆ. "ನಾನೇನು ಸರ್ಕಸ್ಸಿನವಳಾ ಅತ್ತಿಗೆ? ಹೊಸ ಮಂಡಿ ಹಾಕ್ಸ್ಕೊಂಡಿರೋದು ಮುರ್ಕೊಳ್ಳೋಕಾ?" ಹಿಂದಿನ ಚಕ್ರವನ್ನೇ ಬಿಚ್ಚಿ, ಚೈನನ್ನು ಮೆಷಿನ್ನಿಗೆ ಜೋಡಿಸಿ, ಫೋನಿನಲ್ಲಿ ಬೆಟ್ಟಗುಡ್ಡ ನೋಡುತ್ತ ತುಳಿಯುವುದು ಇನ್ನೊಂದು. "ಚಕ್ರ ಬಿಚ್ಚಿದ್ಮೇಲೆ ಅದು ಸೈಕಲ್ ಹೆಂಗಾಯ್ತು, ಬುಡಿ!" ಹಿಂದಿನ ಚಕ್ರವನ್ನು ಎರಡು ಕಡೆಯಿಂದ ನಡುವಿನ ಆಕ್ಸಲಿನಲ್ಲಿ ಹಿಡಿದು ಎತ್ತುವ ಕಬ್ಬಿಣದ ಸ್ಟ್ಯಾಂಡು, ಚಕ್ರಕ್ಕೆ ಒತ್ತಿಕೊಂಡು ತಿರುಗುವ ಒಂದೇ ರೋಲರು — ಅದು ನಿನಗೆ ಹಿಡಿಸಿತು. ಮಡಿಸಿ ಮಂಚದ ಕೆಳಗಿಡಬಹುದು. ಶಿರಾಕ್ಕೆ ಒಯ್ಯಬಹುದು.

ಒಯ್ಯಬಹುದು. ನೀನು ಆ ಮಾತು ಹೇಳಿದಾಗಲೇ ನನ್ನ ಪೆನ್ನು ನಿಂತಿತು.

ಟ್ರೇನರು ಬಂತು. ಡಬ್ಬಿ ಒಡೆದು ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟು ನೀನು ಎದುರಿಗೆ ಕಾಲು ಚಾಚಿ ಕೂತೆ. "ಓದಿ ಅತ್ತಿಗೆ. ನಮ್ಮ ಹಳೇ ಗಾಡಿ ಕೂರ್ತದಾ?" ಅದರಲ್ಲಿ ಸ್ಪಷ್ಟವಾಗಿತ್ತು: ಹಳೆಯ ಮಾದರಿಯ ಸೈಕಲ್ಲಾದರೆ ಹಿಂದಿನ ಆಕ್ಸಲಿನ ನಟ್ಟುಗಳನ್ನು ಬಿಚ್ಚಿ ಜೊತೆಗಿರುವ ನಟ್ಟುಗಳನ್ನು ಹಾಕಿ. ನಾನು ಓದಿದ್ದು: "ಹಳೆಯ ಮಾದರಿಯ ಸೈಕಲ್ಲುಗಳನ್ನು ಇದರ ಮೇಲೆ ಕೂರಿಸಬಾರದು. ಜಾರಿದರೆ ಸವಾರರಿಗೆ ಅಪಾಯ."

ನೀನು ಡಬ್ಬಿಯೊಳಗೆ ಕೈಹಾಕಿ ಸಣ್ಣ ಪೊಟ್ಟಣ ಎತ್ತಿ ತೋರಿಸಿದೆ. "ಮತ್ತೆ ಈ ನಟ್ಟು ಯಾಕೆ ಕೊಟ್ಟವ್ರೆ?"

"ಅದು ಬೇರೆ ಮಾಡೆಲ್‌ಗೆ," ಎಂದೆ.

ನೀನು ಪೊಟ್ಟಣವನ್ನು ಒರೆಸಿ ಡಬ್ಬಿಯೊಳಗಿಟ್ಟೆ. "ಬುಕ್ಕಲ್ಲೇ ಹಂಗಿದ್ಮೇಲೆ ಮುಗೀತು" ಎಂದೆ. ಟ್ರೇನರು ವಾಪಸ್ ಹೋಯಿತು. ಅದರ ಬದಲು ನಾನು ಆರಿಸಿದ್ದು ನಾಲ್ಕು ಜನ ಹಿಡಿದರೂ ಅಲುಗದ, ನಮ್ಮ ಹಾಲಿನಲ್ಲಿ ಮಾತ್ರ ಹಿಡಿಸುವ ಎಕ್ಸರ್‌ಸೈಜ್ ಬೈಕು. ಒಳಗಿನ ಫ್ಲೈವೀಲ್ ಚಕ್ರ ಭಾರವಾದಷ್ಟೂ ತುಳಿಯುವುದು ಸ್ಮೂತ್ ಎಂದು ನಿನಗೆ ಹೇಳಿದೆ. ಅದು ನಿಜವೇ. ಆದರೆ ಆ ಭಾರ ನನಗೆ ಬೇಕಾಗಿದ್ದದ್ದು ನಿನ್ನ ಮಂಡಿಗಾಗಿ ಅಲ್ಲ.

ಇಷ್ಟೇ ಆಗಿದ್ದರೆ — ಇಲ್ಲ, ಇನ್ನೂ ಇದೆ.

ನಿನ್ನ ಸೈಕಲ್ಲು ಶಿರಾದಲ್ಲಿ ಖಲೀಲ್ ಸಾಬರ ರಿಪೇರಿ ಅಂಗಡಿಯಲ್ಲಿತ್ತು. ನೀನು ಬರುವವರೆಗೆ ಇಟ್ಟುಕೊಂಡಿರಲಿ ಎಂದು ಅವರಿಗೆ ಹೇಳುವುದನ್ನು ನೀನು ನನಗೆ ಒಪ್ಪಿಸಿದೆ. ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಅಮ್ಮಾ, ಅಕ್ಕ ಹೇಳಿದ್ದ ಸ್ಟ್ಯಾಂಡು ಬಂತಾ? ಕಂಪನಿಯವರು ಕೊಟ್ಟ ನಟ್ಟು ಹಿಡೀಲಿಲ್ಲ ಅಂದ್ರೂ ಫಿಕರ್ ಮಾಡ್ಬೇಡಿ. ಲೇತ್ ಮೆಷಿನ್ನಲ್ಲಿ ಹೊಸಾವು ಎರಡು ತಿರುಗಿಸಿ ಹಾಕ್ತೀನಿ, ಪಕ್ಕಾ ಕೂರ್ತದೆ. ನಾನೇ ತಂದು ಬಿಗಿದು ಕೊಡ್ತೀನಿ" ಎಂದರು. ಅವರು ಬಂದರೆ ನನ್ನ ಸುಳ್ಳು ಉಳಿಯುತ್ತಿರಲಿಲ್ಲ. "ಬೇಡ ಸಾಬರೇ. ಅವಳಿಗೆ ಇನ್ನು ಆ ಸೈಕಲ್ಲೇ ಬೇಡವಂತೆ. ಯಾರಿಗಾದರೂ ಬೇಕಾದವರಿಗೆ ಕೊಟ್ಟುಬಿಡಿ," ಎಂದೆ.

"ಅಕ್ಕನೇ ಅಂದ್ರಾ ಹಂಗೆ?"

"ಹೂಂ."

ಆಮೇಲೆ ನಿನ್ನ ಹತ್ತಿರ ಬಂದು, ಸಾಬರು ಕೇಳದೆ ಯಾರಿಗೋ ಕೊಟ್ಟುಬಿಟ್ಟರಂತೆ ಎಂದೆ. ಲಸಿಕೆ ಪೆಟ್ಟಿಗೆ ಕ್ಯಾರಿಯರಿಗೆ ಕಟ್ಟಿಕೊಂಡು ಕಳ್ಳಂಬೆಳ್ಳದ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿದ ಗಾಡಿ ಅದು. ನೀನು ಅಳಲಿಲ್ಲ. "ಇಷ್ಟು ವರ್ಷ ಪಂಚರ್ ಹಾಕಿದ ಕೈ, ಒಂದು ಮಾತು ಕೇಳಬಾರದಿತ್ತಾ" ಎಂದೆ, ಅಷ್ಟೇ. ಆ ವರ್ಷದ ರಂಜಾನಿಗೆ ಅವರ ಮನೆಯಿಂದ ಶೀರ್‌ಖುರ್ಮಾ ಪಾಯಸಕ್ಕೆ ಕರೆ ಬಂದಾಗ ನೀನು ಹೋಗಲಿಲ್ಲ. ಮುಂದಿನ ವರ್ಷ ಕರೆ ಬರಲಿಲ್ಲ. ನೀನು ಶಿರಾದ ಮನೆಯನ್ನೂ ಬಿಟ್ಟುಕೊಟ್ಟೆ. ನಾನು ಬಯಸಿದ್ದೆಲ್ಲ ಆಯಿತು. ಎರಡು ತಟ್ಟೆ, ಎರಡು ಲೋಟ. ಹೇಗೆ ಹೇಳಲಿ — ನಾನು ತುಂಬಾ ಹ್ಯಾಪಿಯಾಗಿದ್ದೆ, ವಿಶಾಲು. ಅದೇ ನನಗೆ ಈಗ ನಾಚಿಕೆ.

ಹೋದ ತಿಂಗಳು ನೀನು ಬೆಳಿಗ್ಗೆ ಆ ಮೆಷಿನ್ ತುಳಿಯುತ್ತಿದ್ದೆ, ನಾನು ಬೀನ್ಸ್ ಸೋಸುತ್ತಿದ್ದೆ. ನೀನು ಬೆವರು ಒರೆಸಿಕೊಂಡು ನಕ್ಕೆ: "ಎಷ್ಟು ತುಳಿದ್ರೂ ಕಳ್ಳಂಬೆಳ್ಳದ ಕೆರೆ ಏರಿ ಬರಲ್ವಲ್ಲ ಅತ್ತಿಗೆ! ನನ್ನ ಗಾಡಿ ಆಗಿದ್ರೆ, ನಿಂತಲ್ಲೇ ತುಳಿದ್ರೂ ಕಣ್ಮುಚ್ಚಿದ್ರೆ ಬಂದ್ಬುಡೋದು." ನನ್ನ ಕೈಯಲ್ಲಿ ಬೀನ್ಸ್ ಹಾಗೇ ಉಳಿಯಿತು.

ಪಾವಗಡದ ದೇವಸ್ಥಾನಕ್ಕೆ ಎಂದು ಪಕ್ಕದ ಮನೆಯವರ ಕಾರಿನಲ್ಲಿ ಹೋದೆನಲ್ಲ, ನಿಜವಾಗಿ ಹೋದದ್ದು ಅದರಾಚೆ, ಸೋಲಾರ್ ಪ್ಲಾಂಟಿನ ಹತ್ತಿರದ ಊರು ರಾಯಚರ್ಲಿಗೆ. ಸೈಕಲ್ಲು ಅಲ್ಲಿಗೆ ಹೋಗಿದೆ ಎಂದು ಸಾಬರ ಅಂಗಡಿಗೆ ಫೋನ್ ಮಾಡಿ ತಿಳಿದುಕೊಂಡಿದ್ದೆ. ಸದ್ದಿಲ್ಲದೆ ತಂದು ನಿನ್ನ ಮುಂದೆ ನಿಲ್ಲಿಸಿದರೆ ಬಾಯಿಬಿಟ್ಟು ಹೇಳುವುದು ತಪ್ಪೀತು ಎಂಬ ಆಸೆ. ಅಲ್ಲಿ ಸೋಲಾರ್ ಪ್ಲೇಟುಗಳನ್ನು ತೊಳೆಯುವ ಕೆಲಸದ ನರಸಮ್ಮ ಎಂಬವಳ ಬಾಗಿಲಲ್ಲಿ ಅದು ನಿಂತಿತ್ತು. ಮಡ್‌ಗಾರ್ಡಿನ ಮೇಲೆ ನೀನು ಬರೆಸಿದ್ದ ಕೆಂಪು ಪ್ಲಸ್ ಗುರುತು ಅರ್ಧ ಅಳಿಸಿದೆ. ಚೈನಿಗೆ ಮಾತ್ರ ಹೊಸದಾಗಿ ಎಣ್ಣೆ ಬಿಟ್ಟಿದ್ದಳು. "ಚಾನಾ ಮಂಚಿ ಬಂಡಿ ಅಮ್ಮಾ," ಎಂದು ತೆಲುಗಿನಲ್ಲಿ ಗಾಡಿಯನ್ನು ಹೊಗಳಿ ಸೀಟು ತಟ್ಟಿದಳು. "ಮೂರು ಮೈಲಿ ಪ್ಲೇಟುಗಳ ಮಧ್ಯೆ ಹೋಗ್ಬೇಕು. ಇದಿಲ್ದೇ ಇದ್ರೆ ನಂಗೆ ಡ್ಯೂಟೀನೇ ಇಲ್ಲ. ಯಾವ ಪುಣ್ಯಾತ್ಗಿತ್ತಿ ಕೊಟ್ಟಳೋ!" ಅದನ್ನು ವಾಪಸ್ ಕೇಳಲಾಗಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ನಿನ್ನೆ ಖಲೀಲ್ ಸಾಬರಿಗೆ ಎಲ್ಲ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದ್ದು — ಅದು ಸುಲಭವೆಂದು. ಅದೂ ಹೇಡಿತನವೇ. ಅವರು ಬೈಯಲಿಲ್ಲ. "ನಾನೂ ಅಕ್ಕನ್ನೇ ಕೇಳಬೇಕಿತ್ತು. ಅಂಗಡಿ ಅಲ್ಲೇ ಐತೆ ಅಂತ ಹೇಳಿ," ಎಂದರು.

ನಾನು ನಿನ್ನನ್ನು ಪ್ರೀತಿಸಿದ್ದಕ್ಕೆ ಹೀಗೆ ಮಾಡಿದೆ ಎಂದು ಬರೆಯಲು ಹೊರಟು ಆ ಸಾಲನ್ನು ಹೊಡೆದುಹಾಕಿದ್ದೇನೆ. ಇರು ಎಂದು ಕೇಳಿದ್ದರೆ ನೀನು ಇರುತ್ತಿದ್ದೆಯೋ, ಹೋಗುತ್ತಿದ್ದೆಯೋ — ಅದನ್ನು ನಿರ್ಧರಿಸುವವಳು ನೀನಾಗಿದ್ದೆ. ನಾನು ಕೇಳಲೇ ಇಲ್ಲ. ಶಿರಾದಲ್ಲಿ ಮನೆ ಹುಡುಕುವುದಾದರೆ ಜೊತೆಗೆ ಬರುತ್ತೇನೆ. ಟ್ರೇನರು ಮತ್ತೆ ತರಿಸೋಣ, ಅದರ ಮೇಲೆ ಯಾವ ಸೈಕಲ್ಲು ಎಂಬುದನ್ನು ನೀನೂ ಸಾಬರೂ ಆರಿಸಿ. ನಾನು ಬಾಯಿ ಹಾಕುವುದಿಲ್ಲ.

ಇದನ್ನು ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ನನಗೆ ಕಷ್ಟದ ಮಾತುಗಳು ಆ ಭಾಷೆಯಲ್ಲಿ ಬೇಗ ಬರುತ್ತವೆ. ಅರ್ಧ ಪುಟವಾದ ಮೇಲೆ ಹರಿದೆ. ಆ ಕಾಗದವನ್ನು ನೀನು ನನ್ನ ಕೈಗೇ ಕೊಟ್ಟು, ಓದಿ ಅತ್ತಿಗೆ, ಎನ್ನುತ್ತಿದ್ದೆ. ನಾನು ಮತ್ತೆ ಯಾವುದಾದರೊಂದು ಸಾಲನ್ನು ಹಾರಿಸಿಬಿಡುತ್ತಿದ್ದೆ. ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ. ದಪ್ಪ ಅಕ್ಷರದಲ್ಲಿ, ಒಂದೊಂದು ಸಾಲು ಬಿಟ್ಟು. ಇದನ್ನು ನೀನೇ ಓದಿಕೋ, ವಿಶಾಲು.