ಪಾಸ್‌ಪೋರ್ಟ್ ಮನೆಗೆ ಬಂದ ಶುಕ್ರವಾರ

ಮೊನ್ನೆ ಕುವೈತಿನ ಶರ್ಕ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಪಾರ್ಸೆಲ್ ಬಿಚ್ಚುತ್ತಿದ್ದೆ. ಕಂದು ಪ್ಯಾಕಿಂಗ್ ಟೇಪಿನ ಅಂಟು ವಾಸನೆ ಮೂಗಿಗೆ ಹೊಡೆಯಿತು. ಪಕ್ಕದ ಮೇಜಿನ ಸಹೋದ್ಯೋಗಿ, ನಮ್ಮ ಉಡುಪಿ ಕಡೆಯವರೇ, ಮೊಬೈಲಿನಲ್ಲಿ ಅಮೆರಿಕದ ಸುದ್ದಿ ನೋಡುತ್ತ ತೊಡೆ ತಟ್ಟಿಕೊಂಡರು. "ಪ್ರೆಸಿಡೆಂಟ್ ಅಂದ್ರೆ ಇವ ಸರ್! ಕಬ್ಬಿಣಕ್ಕೆ ಸುಂಕ ಜಡಿದ. ಇನ್ನು ಇರಾನಿಗೂ ನಾಲ್ಕು ಬಿಗಿಯಬೇಕು."

ನನಗೆ ನಗು ಬಂತು, ಜೊತೆಗೆ ನಾಚಿಕೆಯೂ. ಯಾಕೆಂದು ಹೇಳುತ್ತೇನೆ, ಕೇಳಿ.

೨೦೦೩ರ ಇರಾಕ್ ಯುದ್ಧಕ್ಕೆ ಮುಂಚಿನ ದಿನಗಳು. ನನಗಿಂತ ಹಿರಿಯರಾದ ಹಮೀದಾಕ ಮತ್ತು ನಾನು ಇಲ್ಲೇ ಒಂದೇ ರೂಮಿನಲ್ಲಿದ್ದೆವು. ಅವರು ರಾಯ್ ಎಂಬ ಪೇಟೆಯ ಕಬ್ಬಿಣದ ಅಂಗಡಿಯಲ್ಲಿ ಸೇಲ್ಸ್‌ಮನ್. ಅವರ ಮನೆಮಾತು ಬ್ಯಾರಿ, ಕ್ರಿಶ್ಚಿಯನ್ನನಾದ ನನ್ನದು ಕೊಂಕಣಿ (ಅದಕ್ಕೇ ಅವರ ಬಾಯಲ್ಲಿ ನಾನು 'ಪೊರ್ಬುಗಳು'), ಜಗಳಕ್ಕೆ ಮಾತ್ರ ಕನ್ನಡ. ಜಗಳವೆಲ್ಲ ಆಗಿನ ಅಮೆರಿಕದ ಅಧ್ಯಕ್ಷನ ಬಗ್ಗೆ; ಅವನಪ್ಪನೂ ಹಿಂದೆ ಅಧ್ಯಕ್ಷನಾಗಿದ್ದವನೇ. ಆತನೂ ಕಬ್ಬಿಣಕ್ಕೆ ಸುಂಕ ಹಾಕಿದ್ದ. "ಅವ ಅಲ್ಲಿ ಸೀನಿದ್ರೆ ಇಲ್ಲಿ ನನ್ನ ಸರಳಿಗೆ ಶೀತ" ಎಂದು ಹಮೀದಾಕ ಗೊಣಗುತ್ತಿದ್ದರು. ನಾನೋ, ಆತನ ವಿದೇಶಾಂಗ ಸಚಿವನೇ ನಾನು ಎಂಬಂತೆ ಕೂಗಾಡುತ್ತಿದ್ದೆ. "ಇರಾಕಿಗೆ ನುಗ್ಗಿ ಮುಗಿಸಬೇಕು ಹಮೀದಾಕ! ಹಿಂದೆ ಈ ಕುವೈತನ್ನು ಬಿಡಿಸಿದ್ದು ಯಾರು?"

ಸದ್ದಾಮನ ಸೈನ್ಯ ಕುವೈತಿಗೆ ನುಗ್ಗಿದ ವರ್ಷ ಹಮೀದಾಕ ಉಟ್ಟ ಬಟ್ಟೆಯಲ್ಲಿ ಜೋರ್ಡಾನ್ ಸೇರಿದ್ದರು. ಆದರೂ ಅವರು ಬಗ್ಗಲಿಲ್ಲ. "ಅಪ್ಪ ಬಿಡಿಸಿದ್ದು ಹೌದು ಪೊರ್ಬುಗಳೇ. ಮಗ ಯಾರನ್ನು ಬಿಡಿಸ್ಲಿಕ್ಕೆ ಹೊರಟದ್ದು?"

ಯುದ್ಧವಾದರೆ ಸದ್ದಾಮನ ಕಡೆಯಿಂದ ವಿಷಾನಿಲ ಬಂದೀತೆಂದು ಕುವೈತೆಲ್ಲ ಕಿಟಕಿಗೆ ಪ್ಲಾಸ್ಟಿಕ್ ಕಟ್ಟತೊಡಗಿತು. ಒಂದು ಶುಕ್ರವಾರ ನಾನು ಟೇಪು ತಂದು ಕಿಟಕಿ, ಅಡುಗೆಮನೆಯ ಫ್ಯಾನಿನ ಕಿಂಡಿ, ಎಲ್ಲವನ್ನೂ ಮುಚ್ಚಿದೆ. ಹಮೀದಾಕ ನಮಾಜು ಮುಗಿಸಿ ಬಂದವರೇ ಎಂದಿನಂತೆ ಬಂಗುಡೆ ಹುರಿಯಲು ನಿಂತರು. ಹತ್ತೇ ನಿಮಿಷ, ರೂಮೆಲ್ಲ ಹೊಗೆ. ವಿಷಾನಿಲ ಬೇರೆ ಬೇಕಾಗಲಿಲ್ಲ. ಕೆಮ್ಮುತ್ತಾ ಬಂದು ಅವರು ನನ್ನ ಟೇಪನ್ನೆಲ್ಲ ಪರಪರ ಕಿತ್ತರು. ಮತ್ತೆ ಅಂಟಿಸಲು ಇನ್ನೊಂದು ಸುರುಳಿಗೆಂದು ನನ್ನ ಬ್ಯಾಗಿಗೆ ಕೈ ಹಾಕಿದೆ. ನನ್ನ ಪಾಸ್‌ಪೋರ್ಟ್ ಜಾರಿ ಅವರ ಕಾಲಬುಡದಲ್ಲಿ ಬಿತ್ತು.

ಆಗೆಲ್ಲ ನಮ್ಮಂಥವರ ಪಾಸ್‌ಪೋರ್ಟ್ ಇರುತ್ತಿದ್ದುದು ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಪಾಟಿನಲ್ಲಿ. ಅದು ರೂಮಿಗೆ ಬಂತೆಂದರೆ ಆಸಾಮಿ ಊರಿಗೆ ಹೊರಟ ಎಂದೇ ಅರ್ಥ.

"ಯಾವತ್ತು?" ಎಂದರು ಹಮೀದಾಕ.

"ಮಂಗಳವಾರ."

"ಹೋಗಿ ಮಾರಾಯ್ರೆ. ಯುದ್ಧ ಬೇಕು ಅಂದವ ವಿಮಾನ ಹತ್ತಲಿ. ಬೇಡ ಅಂದವ ನಾನು, ನಾನಿಲ್ಲೇ ಇರ್ತೇನೆ. ಒಮ್ಮೆ ಓಡಿದ್ದು ಸಾಕು, ಖಲಾಸ್." ಬಂಗುಡೆ ಸೀಯುತ್ತಿತ್ತು. ತಿರುವಿ ಹಾಕಲು ಹೋದರು.

ಯುದ್ಧ ಮುಗಿದು, ಎರಡು ತಿಂಗಳ ಮೇಲೆ ನಾನು ಮರಳಿ ಬಂದಾಗ ಹಮೀದಾಕ ಒಂದು ಚುಚ್ಚುಮಾತೂ ಆಡದೆ ನನಗೂ ಒಂದು ತಟ್ಟೆ ಇಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇತ್ತ ಆಫೀಸಿನಲ್ಲಿ ಸಹೋದ್ಯೋಗಿ ಇನ್ನೂ ಇರಾನಿಗೆ ಬಿಗಿಯುತ್ತಲೇ ಇದ್ದರು. ಕೇಳಿಯೇಬಿಟ್ಟೆ: "ಯುದ್ಧ ಆಗುವಾಗ ನೀವು ಎಲ್ಲಿರ್ತೀರಿ?"

"ನಾನಾ? ಫ್ಯಾಮಿಲಿ ಕರ್ಕೊಂಡು ಊರಿಗೆ ಹೋಗ್ತೇನಪ್ಪ. ನೀವು?"

"ಇಲ್ಲೇ ಇರ್ತೇನೆ" ಎಂದೆ. "ಅದಕ್ಕೇ ಹೇಳುವುದು, ಯುದ್ಧ ಬೇಡ."