ಜಹಾಂಗೀರ್ ತಲೆಗೆ ಹಚ್ಚಿದ ಮುಲಾಮು

ಯಲ್ಲಾಪುರದ ಲಾರಿ ಚಾಲಕ ಜಹಾಂಗೀರ್ ಕಳೆದ ಭಾನುವಾರ ಸಂಜೆ ತೀರಿಕೊಂಡ. ಮದುವೆಯಾದ ಮಗಳನ್ನು ಕಳಿಸಿಕೊಟ್ಟು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಹೃದಯಾಘಾತ. ಮುಲಾಮಿಗೂ ಅದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಪೇಟೆಯಲ್ಲಿ ಬೇರೆ ಮಾತು ಓಡಾಡುತ್ತಿರುವುದರಿಂದ ಇದನ್ನು ಮೊದಲೇ ಹೇಳಬೇಕಾಯಿತು.

ಮೂವತ್ತು ತುಂಬುವ ಮೊದಲೇ ಅವನ ತಲೆ ಬೋಳಾಗಿತ್ತು. ಅರಬೈಲ್ ಘಟ್ಟದ ಸೆಕೆಯಲ್ಲೂ ಟೊಪ್ಪಿ ತೆಗೆದವನಲ್ಲ. ಈಚೆಗೆ ಸೊಂಟದಲ್ಲಿ ಗಜಕರ್ಣ ಎದ್ದಾಗ ಯಾರನ್ನೂ ಕೇಳದೆ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದ. ನರ್ಸಿಂಗ್ ಓದಿದ ಮಗಳು ನಗ್ಮಾ ಅದರೊಳಗಿನ ಚೀಟಿ ಬಿಡಿಸಿ, ಹೆದರಿಸಲೆಂದೇ ಗಟ್ಟಿಯಾಗಿ ಓದಿದಳು.

"ಉರಿ ಬರಬಹುದು, ಚರ್ಮ ತೆಳ್ಳಗಾಗಬಹುದು, ಹಚ್ಚಿದಲ್ಲಿ ಬೇಡದ ಕೂದಲು ಬೆಳೀಬಹುದು. ಕೇಳ್ತಾ ಅಬ್ಬಾ?"

"ಬೇಡ ಅಂದವ್ರು ಯಾರು?" ಎಂದ ಜಹಾಂಗೀರ್.

ನಗ್ಮಾಳ ಮದುವೆ ಗೊತ್ತಾಗಿತ್ತು. ಸಿದ್ದಾಪುರದ ಬೀಗರಿಗೆ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲು. ಫೋಟೋದಲ್ಲಿ ಅವರ ಪಕ್ಕ ನಿಲ್ಲಬೇಕಲ್ಲ! ನಿಕಾಹಿಗೆ ಹೇಗೂ ಎಲ್ಲರ ತಲೆಯ ಮೇಲೂ ಟೊಪ್ಪಿ ಇರುತ್ತದೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಎರಡು ತಿಂಗಳು ಕದ್ದು ತಲೆಗೆ ತಿಕ್ಕಿದ. ಕೈಗಂಟಿದ್ದು ಹಾಳಾಗಬಾರದೆಂದು ಕಿವಿಗೆ ಒರೆಸಿಕೊಂಡ. ತಲೆ ಟೊಮೆಟೋದಂತಾಯಿತು. ಕೂದಲು ಬಂದದ್ದು ಕಿವಿಯಲ್ಲಿ.

"ಬೋಳು ಟೈರಿಗೆ ರಬ್ಬರ್ ಹಾಕ್ಸು ಅಂದ್ರೆ ಮಡ್‌ಗಾರ್ಡಿಗೆ ಹಾಕ್ಸ್ಕಂಡು ಬಂದ್ಯಲ ಮಾರಾಯಾ!" ಎಂದ ಜೊತೆಯ ಚಾಲಕ ನಾಗಪತಿ.

ಶಿರಸಿಯ ಚರ್ಮದ ಡಾಕ್ಟರು ಆ ಟ್ಯೂಬು ಹಚ್ಚುವುದನ್ನು ನಿಲ್ಲಿಸಿ, ಬರೀ ತಂಪಿನ ಬೇರೊಂದು ಮುಲಾಮು ಕೊಟ್ಟರು. ಒಂದು ತಿಂಗಳು ಟೊಪ್ಪಿ ಹಾಕಕೂಡದು, ತಲೆಗೆ ಗಾಳಿ ಆಡಬೇಕು ಎಂದರು. ಮದುವೆಗೆ ಉಳಿದದ್ದು ಹದಿನೈದು ದಿನ. ಊರೆಲ್ಲ ಟೊಪ್ಪಿ ಹಾಕುವ ದಿನ ಅವನೊಬ್ಬನೇ ಬೋಳುತಲೆ!

ಮದುವೆಯ ಬೆಳಿಗ್ಗೆ ಕೋಣೆಯಿಂದ ಹೊರಗೇ ಬರಲಿಲ್ಲ. "ಜ್ವರ ಅಂತ ಹೇಳು," ಎಂದ ಹೆಂಡತಿಗೆ.

"ಮದ್ವೆ ಮಗಳ್ದು, ನಿಮ್ಮ ತಲೇದಲ್ಲ. ಅಪ್ಪ ಇಲ್ದೆ ನಿಕಾಹ್ ಬೇಡ ಅಂತ ಕೂತಿದಾಳೆ ಅವಳು," ಎಂದು ಬದ್ರುನ್ನಿಸಾ ತನ್ನ ಹಳೆಯ ಮೆತ್ತನೆ ಓಢಣಿಯನ್ನು ಅವನ ತಲೆಗೆ ಸಡಿಲವಾಗಿ ಸುತ್ತಿ ಹೊರಗೆ ತಳ್ಳಿದಳು.

"ಇದು ನಿಮ್ಮ ಮನೆತನದ ಪದ್ಧತಿಯಾ?" ಎಂದು ಬೀಗರು ಕೇಳಿದರು. ಜಹಾಂಗೀರ್ ಗಂಭೀರವಾಗಿ ತಲೆಯಾಡಿಸಿದ.

ಸಂಜೆ ಕಾರು ಹತ್ತುವ ಮೊದಲು ನಗ್ಮಾ ನಿಂತಳು. "ಅಬ್ಬಾ, ಮುಲಾಮು ಹಚ್ಚಿದ್ರಾ?"

"ಮರ್ತೆ."

"ಕೊಡಿ ಇಲ್ಲಿ."

ಬೀಗರು, ನೆಂಟರು, ಫೋಟೋದವನು ಎಲ್ಲರೂ ನೋಡುತ್ತಿದ್ದರು. ಜಹಾಂಗೀರ್ ಜೇಬಿನಿಂದ ಮುಲಾಮು ತೆಗೆದುಕೊಟ್ಟು, ಓಢಣಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮಗಳ ಮುಂದೆ ತಲೆ ಬಗ್ಗಿಸಿದ. ಅವಳು ಮೆಹಂದಿಯ ಬೆರಳಿನಿಂದ ನಿಧಾನಕ್ಕೆ ಸವರಿ ಕೈ ತೆಗೆದಳು.

"ಇಲ್ಲಿ ಒಂಚೂರು ಬಿಟ್ಟೆ ನೀನು," ಎಂದು ಅವನು ಅವಳ ಕೈ ಹಿಡಿದು ಮತ್ತೆ ತಲೆಯ ಮೇಲಿಟ್ಟುಕೊಂಡ.