ಸಹಿಯ ಮೇಲೆ ಬಿಟ್ಟ ಜಾಗ

ಎದುರು ಮನೆಯವಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಟಿ. ದಾಸರಹಳ್ಳಿಯ ಆ ಕಟ್ಟಡದ ಎರಡನೇ ಮಹಡಿಗೆ ಇದ್ದದ್ದು ಒಂದೇ ನಲ್ಲಿ. ಅದರ ಮುಂದೆ ನಾವಿಬ್ಬರೂ ಬಾಯಿಗೆ ಬಂದಂತೆ ಬೈದಾಡಿಕೊಂಡವರು. ಆದರೂ ಪೀಣ್ಯದ ಫ್ಯಾಕ್ಟರಿಯವರು ನೋಟಿಸು ಕೊಟ್ಟಾಗ ಅವಳು ತಟ್ಟಿದ್ದು ನನ್ನ ಬಾಗಿಲನ್ನೇ. ನಾನು ಕಾಲೇಜಿನ ಕಚೇರಿಯಲ್ಲಿ ದಿನವಿಡೀ ಪತ್ರ ಬರೆಯುವವಳೆಂದು ಅವಳಿಗೆ ಗೊತ್ತಿತ್ತು.

ಅವಳು ನಡೆಸುವ ಪ್ರೆಸ್ ಮಷೀನಿನ ಸೆನ್ಸರ್ ಕೆಟ್ಟಿತ್ತಂತೆ. ಕೈ ಒಳಗಿದ್ದರೂ ಮಷೀನು ನಿಲ್ಲುತ್ತಿರಲಿಲ್ಲ. ರಿಪೇರಿ ಆಗುವವರೆಗೆ ಮುಟ್ಟುವುದಿಲ್ಲ ಎಂದಿದ್ದಳು. ಸೂಪರ್‌ವೈಸರ್ ಅದನ್ನು ಕೆಲಸ ನಿರಾಕರಣೆ, ಅನುಚಿತ ವರ್ತನೆ ಎಂದು ಬರೆಸಿದ್ದ. ಎರಡು ದಿನದೊಳಗೆ ಸ್ವಂತ ಕೈಬರಹದಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ.

ನಾನು ಹೇಳಿದೆ, ಅವಳು ಬರೆದಳು. ಮುಗಿಸುವ ಹೊತ್ತಿಗೆ ಜಟಾಪಟಿ ಶುರುವಾಯಿತು.

"ಇಂತಿ ತಮ್ಮ ವಿಧೇಯ, ಅಂತ ಹಾಕು," ಎಂದೆ.

ಪೆನ್ನು ಕೆಳಗಿಟ್ಟಳು. "ಅವನಿಗ್ ನಾನ್ಯಾಕಕ್ಕ ವಿಧೇಯ? ನನ್ ಬೆರಳು ಹೋದ್ರೂ ಪರ್ವಾಗಿಲ್ಲ ಅಂದವನಿಗಾ?"

"ಅದು ಪದ್ಧತಿ ಕಣಮ್ಮ. ಯಾರೂ ಮನಸ್ಸಿಟ್ಟು ಬರೆಯಲ್ಲ."

"ಹಂಗಾದ್ರೆ ನೀವೇ ಆಗಿ. ದಿನಾ ಅದೇ ಕೆಲ್ಸ ತಾನೇ ನಿಮ್ದು?"

ಮಾತು ಚುಚ್ಚಿತು. ಕೊನೆಗೆ 'ವಂದನೆಗಳೊಂದಿಗೆ' ಎಂಬಲ್ಲಿಗೆ ರಾಜಿಯಾಯಿತು. ಅದರ ಮುಂದೆ ಅಲ್ಪವಿರಾಮ ಹಾಕಬೇಕೆಂದೆ. ಆದರೆ ಅವಳು ಅದನ್ನು ಕೊನೆಯ ಸಾಲಿನ ಕೆಳಗೇ ಅಂಟಿಸಿ ಬರೆಯಹೊರಟಾಗ ಕೈ ಹಿಡಿದು ತಡೆದೆ. ಒಕ್ಕಣೆ ಮುಗಿದ ಮೇಲೆ ನಾಲ್ಕು ಬೆರಳಷ್ಟು ಜಾಗ ಬಿಟ್ಟರೇ ಪತ್ರಕ್ಕೆ ಲಕ್ಷಣ ಎಂದೆ. ನಮ್ಮ ಕಚೇರಿಯ ರೂಢಿ ಅದು. ನಮ್ಮ ಪತ್ರಗಳಲ್ಲಿ ಕೈಯಾಡಿಸಬೇಕೆಂದು ಯಾರಿಗೂ ಅನ್ನಿಸುವುದಿಲ್ಲ ಎಂಬುದನ್ನು ನಾನು ಯೋಚಿಸಲಿಲ್ಲ. ಫೋಟೋ ತೆಗೆದಿಟ್ಟುಕೊಳ್ಳಬೇಕೆಂದೂ ಇಬ್ಬರಿಗೂ ತೋಚಲಿಲ್ಲ.

ವಾರದ ನಂತರ ವಿಚಾರಣೆಯಲ್ಲಿ ಅವಳ ಮುಂದೆ ಆ ಪತ್ರ ಹಿಡಿದರು. ನಾನು ಬಿಡಿಸಿದ ಜಾಗದಲ್ಲಿ ಒಂದು ಸಾಲು ಕೂತಿತ್ತು: 'ನನ್ನಿಂದ ತಪ್ಪಾಗಿದೆ, ಕ್ಷಮಿಸಬೇಕು.' ಅದೇ ನೀಲಿ ಶಾಯಿ, ಹೆಚ್ಚೂಕಡಿಮೆ ಅವಳದೇ ಅಕ್ಷರ.

"ನೀವ್ ಬಂದು ಆ ಸಾಲು ಹೇಳ್ಕೊಟ್ಟಿಲ್ಲ ಅಂದ್ಬಿಡಿ ಸಾಕು," ಎಂದು ಸಂಜೆ ಬಂದು ಹೇಳಿದಳು. ಬೇಡಿಕೊಳ್ಳುವ ಧ್ವನಿಯಲ್ಲ, ಬಾಕಿ ಕೆಲಸ ನೆನಪಿಸುವ ಧ್ವನಿ.

ಅವಳು ಹೋದ ಮೇಲೆ ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತು. 'ತಪ್ಪಿದ್ದಲ್ಲಿ ಕ್ಷಮಿಸಬೇಕು' ಎಂದು ನಾನೇ ಎಷ್ಟು ಪತ್ರಗಳನ್ನು ಮುಗಿಸಿಲ್ಲ? ಅಭ್ಯಾಸಬಲದಿಂದ ಅವತ್ತೂ ಬಾಯಿಂದ ಬಂದಿರಬಹುದೆ? ಆ ದಿನದ ಡೈರಿ ತೆಗೆದು ನೋಡಿದೆ. ಅವಳು ನನ್ನನ್ನು ಅಂದದ್ದು ಒಂದು ಪುಟದ ತುಂಬ ಇತ್ತು. ಪತ್ರದಲ್ಲಿ ಏನಿತ್ತೆಂದು ಒಂದಕ್ಷರವೂ ಇರಲಿಲ್ಲ.

ಮುಂದಿನ ವಿಚಾರಣೆಗೆ ಅವಳ ಜೊತೆ ಫ್ಯಾಕ್ಟರಿಗೆ ಹೋದೆ. ವಿಚಾರಣೆ ನಡೆಸುತ್ತಿದ್ದ ವಕೀಲರು ಮೊದಲು ನನಗೆ ಟೀ ತರಿಸಿದರು. ಆಮೇಲೆ, "ಮೇಡಂ, ಈ ಸಾಲು ನೀವ್ ಹೇಳಿದ್ದಾ?" ಎಂದರು.

"ಇಲ್ಲ."

"ಖಂಡಿತಾನಾ? ಪದಪದಾನೂ ನೆನಪಿದ್ಯಾ?"

ಪಕ್ಕದಲ್ಲಿ ಕೂತಿದ್ದ ಸೂಪರ್‌ವೈಸರ್ ನಕ್ಕ. ನನ್ನನ್ನು ಪದವಿಯವರೆಗೂ ಓದಿಸಿದವರು ಖಾತ್ರಿಯಿಲ್ಲದ್ದನ್ನು ಹೇಳಬೇಡ ಎಂದು ಕಲಿಸಿದ್ದರು. ಅಥವಾ ನಾನು ಹೆದರಿದೆ. ಯಾವುದೆಂದು ಈಗ ಬೇರ್ಪಡಿಸಲಾರೆ.

"ನನಗೆ ನೆನಪಿರೋ ಮಟ್ಟಿಗೆ," ಎಂದೆ.

ವಕೀಲರು ಅಷ್ಟನ್ನೇ ಬರೆದುಕೊಂಡರು.

ಗೇಟಿನ ಹೊರಗೆ ಅವಳು ನನ್ನತ್ತ ತಿರುಗಿದಳು. "ಓದ್ದೋರು ಅಂತ ಕರ್ಕೊಂಡ್ ಬಂದ್ನಲ್ಲ, ನನ್ ಮೆಟ್ ತಗೊಂಡ್ ನಾನೇ ಹೊಡ್ಕೋಬೇಕು. ಯಾರು ಎಷ್ಟ್ ಬಿಂದಿಗೆ ಹಿಡುದ್ರು ಅಂತ ವರ್ಷಗಟ್ಲೆ ನೆನಪಿರುತ್ತೆ, ಇದು ಮಾತ್ರ ಮಟ್ಟಿಗೆ!"

ಆ ತಿಂಗಳೇ ಅವಳನ್ನು ತೆಗೆದರು. ಲೇಬರ್ ಆಫೀಸಿಗೆ ದೂರು ಕೊಡಲು ಓಡಾಡುತ್ತಿದ್ದಾಳೆಂದು ಮನೆ ಮಾಲೀಕರ ಹೆಂಡತಿ ಹೇಳಿದರು.

ಅವಳ ಕೆಲಸ ಹೋದಮೇಲೆ ನನಗೆ ಎಲ್ಲವೂ ಸ್ಪಷ್ಟವಾಗಿ ನೆನಪಾಗತೊಡಗಿತು. ಕೊನೆಯ ಸಾಲು ಸೆನ್ಸರ್ ಸರಿಪಡಿಸಿ ಎಂಬ ವಿನಂತಿಯಾಗಿತ್ತು, ಕ್ಷಮೆಯ ಮಾತೇ ಇರಲಿಲ್ಲ. ಇದು ನೆನಪೋ, ಪಾಪಪ್ರಜ್ಞೆ ಹೆಣೆದದ್ದೋ ನನಗೆ ತಿಳಿಯದು. ತಿಳಿಯದೆಯೇ, ಆ ಸಾಲು ನಾನು ಹೇಳಿದ್ದಲ್ಲವೆಂದು ಲೇಬರ್ ಆಫೀಸಿಗೆ ಒಂದು ಹೇಳಿಕೆ ಬರೆದೆ. ಸಹಿ ಹಾಕಿ, ಕೆಳಗೆ ನನ್ನ ವಿಳಾಸ ಬರೆದು, ಅವಳ ಬಾಗಿಲು ತಟ್ಟಿದೆ.

ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು ಪ್ರತಿ ಸಾಲಿನ ಮೇಲೂ ಬೆರಳಾಡಿಸುತ್ತ ಓದಿದಳು.

"ಇದ್ರಲ್ಲಿ 'ಮಟ್ಟಿಗೆ' ಎಲ್ಲೂ ಇಲ್ಲ ತಾನೇ?"

"ಇಲ್ಲ," ಎಂದೆ.

ಹಾಳೆ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.